ಕಡಲಿನ ದಾಸ್ತಾನು ಲೆಕ್ಕ: ಸ್ವಯಂಸೇವಕ ಮುಳುಗುಗಾರರಿಂದ ವರ್ತಕರು ಕಲಿಯಬೇಕಾದ ಪಾಠ

ಪ್ರತಿ ವರ್ಷ ಮಾರ್ಚ್ 31 ಸಮೀಪಿಸುತ್ತಿದ್ದಂತೆ ನಮ್ಮ ಅಂಗಡಿ, ಗೋದಾಮು ಮತ್ತು ಕಾರ್ಖಾನೆಗಳಲ್ಲಿ ದಾಸ್ತಾನು ಎಣಿಕೆಯ ಕೆಲಸ ಆರಂಭವಾಗುತ್ತದೆ. ಖರೀದಿ ಪುಸ್ತಕ, ಮಾರಾಟ ಪುಸ್ತಕಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಕಪಾಟಿನಲ್ಲಿ ನಿಜವಾಗಿ ಉಳಿದಿರುವ ಸರಕನ್ನು ಕಣ್ಣಾರೆ ಕಂಡು ಎಣಿಸದ ಹೊರತು ಲಾಭ-ನಷ್ಟದ ಲೆಕ್ಕ ಪೂರ್ಣಗೊಳ್ಳದು. ಈ ತಿಂಗಳು ಮಾರಾಟ ಹೆಚ್ಚಾಯಿತು ಎಂಬ ಒಂದೇ ಕಾರಣಕ್ಕೆ ಗೋದಾಮು ತುಂಬಿದೆ ಎಂದು ಯಾವ ವರ್ತಕನೂ ಭಾವಿಸುವುದಿಲ್ಲ. ವಾಸ್ತವದಲ್ಲಿ ಅದು ಬರಿದಾಗುತ್ತಿರಲೂಬಹುದು.

ಕಡಲನ್ನು ನಂಬಿದ ವ್ಯಾಪಾರದಲ್ಲಿ ಮಾತ್ರ ನಾವು ಬಹುಮಟ್ಟಿಗೆ ಮಾರಾಟ ಪುಸ್ತಕವನ್ನೇ ನೋಡುತ್ತಾ ಬಂದಿದ್ದೇವೆ. ಬಂದರಿನಲ್ಲಿ ಇಳಿದ ಮೀನಿಗೆ ತೂಕವುಂಟು, ಬೆಲೆಯುಂಟು, ದಾಖಲೆಯುಂಟು. ನೀರಿನಡಿಯಲ್ಲಿ ಉಳಿದದ್ದಕ್ಕೆ ಲೆಕ್ಕವೆಲ್ಲಿ? ಬಂದರಿನ ಅಂಕಿಗಳಿಂದ ವಿಜ್ಞಾನಿಗಳು ಒಂದು ಅಂದಾಜನ್ನು ಮಾಡುತ್ತಾರೆ. ಆದರೆ ಬಲೆ ಬೀಸಲಾಗದ ಬಂಡೆಗಳ ಸಂದಿಯಲ್ಲಿ, ಹವಳದ ದಿಬ್ಬಗಳಲ್ಲಿ ವಾಸಿಸುವ ಜೀವಿಗಳ ವಿಷಯದಲ್ಲಿ ಆ ಅಂಕಿಗಳು ಸಾಲವು. ಅಲ್ಲಿ ಯಾರಾದರೂ ನೀರಿಗಿಳಿದು ಎಣಿಸಬೇಕು. ಇಷ್ಟು ವಿಸ್ತಾರವಾದ ಕಡಲಿನಲ್ಲಿ ಸಂಬಳದ ನೌಕರರಿಂದಲೇ ಈ ಕೆಲಸ ಮಾಡಿಸಲು ಯಾವ ಸರ್ಕಾರದ ಬೊಕ್ಕಸವೂ ಸಾಲದು.

ಈ ಕೊರತೆಯನ್ನು ಹವ್ಯಾಸಿ ಮುಳುಗುಗಾರರು ತಮ್ಮ ಸ್ವಂತ ಖರ್ಚಿನಲ್ಲಿ ಹೇಗೆ ತುಂಬಿಕೊಟ್ಟರು, ಅದರಿಂದ ವಾಣಿಜ್ಯಕ್ಕೆ ಯಾವ ಪ್ರಯೋಜನವಾಯಿತು ಎಂಬುದನ್ನು ಅಮೆರಿಕದ ಫ್ಲಾರಿಡಾ ಮತ್ತು ಅದರ ನೆರೆಯ ದ್ವೀಪಗಳ ಉದಾಹರಣೆಯೊಂದಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಸ್ಥೆಯ ಹಿನ್ನೆಲೆ

ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಸಾಲಾಗಿ ಹಬ್ಬಿರುವ ಕಿರುದ್ವೀಪಗಳಿಗೆ ‘ಫ್ಲಾರಿಡಾ ಕೀಸ್’ ಎಂದು ಹೆಸರು. ಇವುಗಳ ಪಕ್ಕದಲ್ಲೇ ಹವಳದ ದಿಬ್ಬಗಳಿವೆ. ದೋಣಿ ಬಾಡಿಗೆ, ಮುಳುಗು ಸಲಕರಣೆ, ಹೋಟೆಲು, ಮೀನುಗಾರಿಕೆ ಮುಂತಾಗಿ ಇಲ್ಲಿಯ ಬಹುಪಾಲು ವ್ಯಾಪಾರ ಆ ದಿಬ್ಬಗಳನ್ನೇ ಆಧರಿಸಿದೆ. 1990ರಲ್ಲಿ ಪಾಲ್ ಹ್ಯೂಮನ್ ಮತ್ತು ನೆಡ್ ಡಿಲೋಚ್ ಎಂಬ ಇಬ್ಬರು ‘ರೀಫ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹವಳ ದಿಬ್ಬಗಳ ಮೀನುಗಳನ್ನು ಚಿತ್ರಸಹಿತ ಗುರುತಿಸುವ ಕೈಪಿಡಿಗಳನ್ನು ರಚಿಸಿದವರು ಇವರೇ. ಹಕ್ಕಿಗಳನ್ನು ವೀಕ್ಷಿಸುವ ಹವ್ಯಾಸಿಗಳು ಪಟ್ಟಿ ಬರೆದಿಟ್ಟು ಪಕ್ಷಿಶಾಸ್ತ್ರಕ್ಕೆ ನೆರವಾಗುವುದಾದರೆ, ಮೀನು ನೋಡಲು ನೀರಿಗಿಳಿಯುವವರೂ ಹಾಗೇಕೆ ಮಾಡಬಾರದು ಎಂಬುದು ಅವರ ವಿಚಾರವಾಗಿತ್ತು.

1993ರಲ್ಲಿ ಸ್ವಯಂಸೇವಕರ ಮೀನು ಸಮೀಕ್ಷೆ ಆರಂಭವಾಯಿತು. ಅಂದಿನಿಂದ ಎರಡೂವರೆ ಲಕ್ಷಕ್ಕೂ ಅಧಿಕ ಸಮೀಕ್ಷೆಗಳು ಒಂದೇ ದಾಖಲೆ ಭಂಡಾರದಲ್ಲಿ ಸೇರಿವೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಮುಳುಗುಗಾರರು ಮಾತ್ರವಲ್ಲದೆ, ಮುಖಗವಸು ಮತ್ತು ಉಸಿರಾಟದ ಕೊಳವೆಯೊಂದಿಗೆ ಮೇಲ್ಮೈಯಲ್ಲೇ ತೇಲುತ್ತಾ ಕೆಳಗೆ ನೋಡುವ ಸ್ನಾರ್ಕೆಲ್ ಈಜುಗಾರರೂ ಇದರಲ್ಲಿ ಭಾಗವಹಿಸುತ್ತಾರೆ. ಸಂಖ್ಯೆಗಿಂತ ಮುಖ್ಯವಾದ ಅಂಶವೆಂದರೆ, ಈ ಮೂರು ದಶಕಗಳಲ್ಲಿ ಎಣಿಸುವ ಕ್ರಮ ಬದಲಾಗಿಲ್ಲ.

ಎಣಿಕೆಯ ಕ್ರಮ

ಕ್ರಮ ಬಹಳ ಸರಳವಾದುದು. ಸ್ವಯಂಸೇವಕನು ದಿಬ್ಬದ ಮೇಲೆ ತನಗಿಷ್ಟವಾದ ಕಡೆ ಈಜುತ್ತಾ, ತಾನು ಖಚಿತವಾಗಿ ಗುರುತಿಸಬಲ್ಲ ಪ್ರತಿಯೊಂದು ಜಾತಿಯ ಮೀನನ್ನೂ ನೀರಿನಲ್ಲಿ ಬರೆಯಬಹುದಾದ ಹಲಗೆಯ ಮೇಲೆ ನಮೂದಿಸುತ್ತಾನೆ. ಸಂಶಯವಿದ್ದರೆ ಬರೆಯಕೂಡದು. ಒಂದೊಂದು ಮೀನನ್ನೂ ಎಣಿಸುವ ಬದಲು ಪ್ರತಿ ಜಾತಿಗೂ ನಾಲ್ಕರಲ್ಲಿ ಒಂದು ದರ್ಜೆಯನ್ನು ಕೊಡಬೇಕು:

1. ಒಂಟಿ: ಕಂಡದ್ದು ಒಂದೇ ಮೀನು.
2. ಕೆಲವು: 2ರಿಂದ 10.
3. ಹಲವು: 11ರಿಂದ 100.
4. ಹೇರಳ: 100ಕ್ಕೂ ಹೆಚ್ಚು.

ಇದರೊಂದಿಗೆ ಸ್ಥಳ, ದಿನಾಂಕ, ನೀರಿನಲ್ಲಿದ್ದ ಅವಧಿ, ಆಳ, ನೀರಿನ ಉಷ್ಣತೆ ಮುಂತಾದವನ್ನು ನಿಗದಿತ ನಮೂನೆಯಲ್ಲಿ ತುಂಬಬೇಕು. ಪರೀಕ್ಷೆ ಮತ್ತು ಅನುಭವದ ಆಧಾರದ ಮೇಲೆ ಸಮೀಕ್ಷಕರನ್ನು ಐದು ಹಂತಗಳಲ್ಲಿ ವಿಂಗಡಿಸಲಾಗುತ್ತದೆ. ಹೊಸಬರ ದಾಖಲೆಯನ್ನೂ ಪರಿಣತರ ದಾಖಲೆಯನ್ನೂ ಬೇರ್ಪಡಿಸಿ ನೋಡಲು ಅವಕಾಶವಿದೆ. ಗುಮಾಸ್ತ ಬರೆದ ದಿನವಹಿಗೂ ಹಿರಿಯ ಲೆಕ್ಕಿಗ ತಾಳೆ ನೋಡಿದ ಖಾತೆಗೂ ನಾವು ಬೇರೆ ಬೇರೆ ತೂಕ ಕೊಡುವಂತೆಯೇ ಇದು.

ಈ ದಾಖಲೆಗಳಿಂದ ಎರಡು ಅಂಕಿಗಳು ದೊರೆಯುತ್ತವೆ. ಒಟ್ಟು ಸಮೀಕ್ಷೆಗಳಲ್ಲಿ ಎಷ್ಟರಲ್ಲಿ ಆ ಮೀನು ಕಂಡಿತು ಎಂಬುದು ಮೊದಲನೆಯದು. ಕಂಡಾಗ ಸರಾಸರಿ ಯಾವ ದರ್ಜೆಯಲ್ಲಿ ಕಂಡಿತು ಎಂಬುದು ಎರಡನೆಯದು. ಓದುಗರ ಅಭ್ಯಾಸಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ.

ಒಂದು ದಿಬ್ಬದಲ್ಲಿ ಮೊದಲ ವರ್ಷ 10 ಸಮೀಕ್ಷೆಗಳು ನಡೆದು, ಒಂದು ಜಾತಿಯ ಮೀನು 6ರಲ್ಲಿ ಕಂಡಿತೆನ್ನಿ. ಆಗ ಕಾಣಿಕೆಯ ಪ್ರಮಾಣ ಶೇ. 60. ಆ 6ರಲ್ಲಿ ಎರಡು ಸಲ ‘ಒಂಟಿ’, ಮೂರು ಸಲ ‘ಕೆಲವು’, ಒಂದು ಸಲ ‘ಹಲವು’ ಎಂದಿದ್ದರೆ ದರ್ಜೆಗಳ ಮೊತ್ತ 2+6+3, ಅಂದರೆ 11. ಅದನ್ನು 6ರಿಂದ ಭಾಗಿಸಿದರೆ ಸರಾಸರಿ 1.83. ಐದು ವರ್ಷಗಳ ನಂತರ ಮತ್ತೆ 10 ಸಮೀಕ್ಷೆಗಳಲ್ಲಿ 6ರಲ್ಲೇ ಮೀನು ಕಂಡಿತು. ಕಾಣಿಕೆಯ ಪ್ರಮಾಣ ಈಗಲೂ ಶೇ. 60. ಆದರೆ ಐದು ಸಲ ‘ಒಂಟಿ’, ಒಂದು ಸಲ ‘ಕೆಲವು’. ಮೊತ್ತ 7, ಸರಾಸರಿ 1.17.

ಮೊದಲ ಅಂಕಿಯನ್ನಷ್ಟೇ ನೋಡಿದವರು ಏನೂ ಆಗಿಲ್ಲವೆಂದಾರು. ಎರಡನೆಯದನ್ನು ನೋಡಿದವರಿಗೆ ಅಪಾಯ ಗೋಚರಿಸುತ್ತದೆ. ಊರಿನ ಎಲ್ಲ ಅಂಗಡಿಗಳಲ್ಲೂ ಒಂದು ಸರಕು ಸಿಗುತ್ತಿದೆ, ಆದರೆ ಪ್ರತಿಯೊಬ್ಬರ ಬಳಿಯೂ ಉಳಿದಿರುವುದು ಒಂದೇ ಪೆಟ್ಟಿಗೆ ಎಂದಾದರೆ ಬೆಲೆ ಏರಲಿದೆಯೆಂಬುದು ವರ್ತಕನಿಗೆ ಹೇಳಿಕೊಡಬೇಕಾದ ಮಾತಲ್ಲ.

ಮಾರಾಟ ನಿಂತಾಗ ಉಳಿದ ಪುಸ್ತಕ

ನಮ್ಮ ಕರಾವಳಿಯ ಮೀನುಪೇಟೆಯಲ್ಲಿ ‘ಮುರು’ ಎಂದು ಮಾರಾಟವಾಗುವ ಮೀನಿನ ಬಳಗಕ್ಕೆ ಇಂಗ್ಲಿಷಿನಲ್ಲಿ ‘ಗ್ರೂಪರ್’ ಎನ್ನುತ್ತಾರೆ. ಈ ಬಳಗದ ದೈತ್ಯನಾದ ಗೋಲಿಯತ್ ಗ್ರೂಪರ್ 360 ಕಿಲೋಗ್ರಾಂವರೆಗೂ ಬೆಳೆಯಬಲ್ಲದು. ಮನುಷ್ಯನಿಗೆ ಹೆದರದ ಈ ಮೀನನ್ನು ಫ್ಲಾರಿಡಾದಲ್ಲಿ ಮಿತಿಮೀರಿ ಹಿಡಿದ ಪರಿಣಾಮವಾಗಿ ಸಂತತಿ ಕುಸಿಯಿತು. 1990ರಲ್ಲಿ ಅದನ್ನು ಹಿಡಿಯುವುದನ್ನೇ ಪೂರ್ಣವಾಗಿ ನಿಷೇಧಿಸಲಾಯಿತು.

ನಿಷೇಧದೊಂದಿಗೆ ಒಂದು ತೊಡಕೂ ಬಂದಿತು. ಮೀನು ಹಿಡಿಯುವುದು ನಿಂತೊಡನೆ ಬಂದರಿನ ಲೆಕ್ಕವೂ ನಿಂತುಹೋಯಿತು. ಸಂತತಿ ಚೇತರಿಸುತ್ತಿದೆಯೇ ಇಲ್ಲವೇ ಎಂದು ತಿಳಿಯುವ ಬಗೆ ಹೇಗೆ? ಮಾರಾಟ ಪುಸ್ತಕ ಮುಚ್ಚಿದ ಮೇಲೆ ಉಳಿಯುವುದು ದಾಸ್ತಾನು ಪುಸ್ತಕವೊಂದೇ. ಆ ಪುಸ್ತಕವನ್ನು ಬರೆಯುತ್ತಿದ್ದವರು ಸ್ವಯಂಸೇವಕ ಮುಳುಗುಗಾರರು. 1993ರಿಂದ ಅವರು ಬರೆದಿಟ್ಟ ದಾಖಲೆಗಳು ಮುಂದೆ ಈ ಮೀನಿನ ಸ್ಥಿತಿಗತಿಯ ಅಧಿಕೃತ ಪರಿಶೀಲನೆಗಳಲ್ಲಿ ಬಳಕೆಯಾದವು. ಸಂತತಿ ನಿಧಾನವಾಗಿ ಏರುತ್ತಿರುವುದು ಅವುಗಳಿಂದ ವ್ಯಕ್ತವಾಯಿತು. ಹಲವು ವರ್ಷಗಳ ವಾದ-ವಿವಾದಗಳ ನಂತರ 2023ರಲ್ಲಿ ಫ್ಲಾರಿಡಾ ರಾಜ್ಯವು ಲಾಟರಿಯ ಮೂಲಕ ಗರಿಷ್ಠ 200 ಮೀನುಗಳನ್ನು, ಅದೂ ನಿಗದಿತ ಅಳತೆಯ ಎಳೆಯ ಮೀನುಗಳನ್ನು ಮಾತ್ರ, ಗಾಳದಿಂದ ಹಿಡಿಯಲು ಅವಕಾಶ ನೀಡಿತು. ಆ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ದಾಖಲೆಯಿಲ್ಲದಿದ್ದರೆ ಆ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ.

ಕೇಮನ್ ದ್ವೀಪದ ಅನುಭವ

ಮೀನುಗಾರನ ಆದಾಯಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಉದಾಹರಣೆ ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪಗಳದ್ದು. ನಸ್ಸೌ ಗ್ರೂಪರ್ ಎಂಬ ಮೀನು ವರ್ಷವಿಡೀ ಒಂಟಿಯಾಗಿ ವಾಸಿಸುತ್ತದೆ. ಚಳಿಗಾಲದ ಹುಣ್ಣಿಮೆಯ ಆಸುಪಾಸಿನಲ್ಲಿ ಮಾತ್ರ ಮೊಟ್ಟೆಯಿಡಲು ಸಾವಿರಾರು ಮೀನುಗಳು ಒಂದೇ ಸ್ಥಳಕ್ಕೆ ಬಂದು ನೆರೆಯುತ್ತವೆ. ಆ ಸ್ಥಳ ಗೊತ್ತಾದ ಮೀನುಗಾರನಿಗೆ ಕೆಲವೇ ದಿನಗಳಲ್ಲಿ ವರ್ಷದ ಗಳಿಕೆ. ಹೀಗಾಗಿಯೇ ಕೆರಿಬಿಯನ್ನಿನ ಅನೇಕ ಕಡೆ ಈ ನೆರವಿಗಳು ಒಂದೊಂದಾಗಿ ನಾಶವಾದವು.

2001ರಲ್ಲಿ ಲಿಟ್ಲ್ ಕೇಮನ್ ದ್ವೀಪದ ಪಶ್ಚಿಮ ತುದಿಯಲ್ಲಿ ಸುಮಾರು 7,000 ಮೀನುಗಳ ನೆರವಿಯೊಂದು ಮೀನುಗಾರರ ಕಣ್ಣಿಗೆ ಬಿತ್ತು. ಎರಡೇ ಋತುಗಳಲ್ಲಿ ಸುಮಾರು 4,000 ಮೀನುಗಳನ್ನು ಹಿಡಿಯಲಾಯಿತು. ಬಂಡವಾಳದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಎರಡು ವರ್ಷಗಳಲ್ಲಿ ಲಾಭವೆಂದು ಭಾವಿಸಿ ಖರ್ಚು ಮಾಡಿದಂತಾಯಿತು. 2003ರಲ್ಲಿ ಸರ್ಕಾರವು ಮೊಟ್ಟೆಯಿಡುವ ಸ್ಥಳಗಳಲ್ಲಿ ಮೀನುಗಾರಿಕೆಯನ್ನು ಎಂಟು ವರ್ಷಗಳ ಕಾಲ ನಿಷೇಧಿಸಿತು. ಅಲ್ಲಿಯ ಪರಿಸರ ಇಲಾಖೆ, ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಮತ್ತು ರೀಫ್ ಸಂಸ್ಥೆಯ ಸ್ವಯಂಸೇವಕರು ಕೂಡಿ ಪ್ರತಿ ಚಳಿಗಾಲದ ಹುಣ್ಣಿಮೆಯಲ್ಲೂ ನೀರಿಗಿಳಿದು ಎಣಿಕೆಯನ್ನು ಮುಂದುವರಿಸಿದರು. ಮೀನುಗಳಿಗೆ ಗುರುತಿನ ಪಟ್ಟಿ ತೊಡಿಸಿ, ವಿಡಿಯೋ ಚಿತ್ರಿಸಿ ಸಂಖ್ಯೆಯನ್ನು ಅಂದಾಜು ಮಾಡಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೊದಲ ಕೆಲವು ವರ್ಷಗಳಲ್ಲಿ ಹೇಳಿಕೊಳ್ಳುವಂತಹ ಏರಿಕೆಯೇ ಕಾಣಲಿಲ್ಲ. ಈ ಮೀನು ಬೆಳೆದು ಮೊಟ್ಟೆಯಿಡಲು ವರ್ಷಗಳೇ ಬೇಕು. ತಾಳ್ಮೆಗೆಟ್ಟು ನಿಷೇಧವನ್ನು ತೆರವು ಮಾಡಿದ್ದರೆ ಇದ್ದದ್ದೂ ಹೋಗುತ್ತಿತ್ತು. 2011ರಲ್ಲಿ ನಿಷೇಧವನ್ನು ಮುಂದುವರಿಸಲಾಯಿತು. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ದ್ವೀಪಗಳಲ್ಲಿ ಸಂತತಿ ಮೂರು ಪಟ್ಟಿಗಿಂತ ಹೆಚ್ಚಾಗಿದೆ. 2016ರಲ್ಲಿ ಜಾರಿಗೆ ಬಂದ ನಿಯಮವು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹಿಡಿಯುವುದನ್ನು ನಿಷೇಧಿಸಿ, ಉಳಿದ ತಿಂಗಳುಗಳಲ್ಲಿ ದೋಣಿಗೆ ದಿನಕ್ಕೆ ಐದರಂತೆ, ಗೊತ್ತಾದ ಅಳತೆಯ ಮೀನುಗಳನ್ನು ಮಾತ್ರ ಹಿಡಿಯಲು ಅನುಮತಿಸಿತು. ಅಂದರೆ ಬಂಡವಾಳವನ್ನು ಮುಟ್ಟದೆ ಬಡ್ಡಿಯಲ್ಲಿ ಬದುಕುವ ಏರ್ಪಾಡು. ಬಡ್ಡಿ ಎಷ್ಟೆಂದು ತಿಳಿಸಿದ್ದು ಎಣಿಕೆ.

ವ್ಯಾಪಾರವೇ ತಂದ ತೊಂದರೆ

ಮೂರನೆಯ ಉದಾಹರಣೆ ವರ್ತಕರಾದ ನಮಗೆ ಸ್ವಲ್ಪ ಮುಜುಗರವನ್ನುಂಟುಮಾಡುವಂಥದ್ದು. ಬೆನ್ನಿನ ಮೇಲೆ ವಿಷದ ಮುಳ್ಳುಗಳುಳ್ಳ, ಪಟ್ಟೆಪಟ್ಟೆಯ ಸುಂದರ ಸಿಂಹಮೀನು ಹಿಂದೂ ಮಹಾಸಾಗರ ಮತ್ತು ಶಾಂತಸಾಗರದ ಮೂಲವಾಸಿ. ಭಾರತದ ಕಡಲಿನಲ್ಲಿಯೂ ಇದೆ. ಅಲಂಕಾರಿಕ ಮೀನಿನ ವ್ಯಾಪಾರದ ಮೂಲಕ ಅದು ಅಮೆರಿಕಕ್ಕೆ ಹೋಯಿತು. ಸಾಕಿದವರು ಬೇಡವೆಂದು ಕಡಲಿಗೆ ಬಿಟ್ಟದ್ದರಿಂದ ಹರಡಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1985ರಲ್ಲಿ ಫ್ಲಾರಿಡಾದ ಡೇನಿಯಾ ಬೀಚ್ ಸಮೀಪ ಮೊದಲ ಬಾರಿಗೆ ಕಾಣಿಸಿಕೊಂಡ ಈ ಮೀನು 2009ರ ಜನವರಿಯಲ್ಲಿ ಕೀಸ್ ದ್ವೀಪಗಳನ್ನು ತಲುಪಿತು. ಅಲ್ಲಿ ಮೊದಲು ಕಂಡ ಮೀನನ್ನು ಮುಳುಗುಗಾರರು ಕೂಡಲೇ ಹಿಡಿದರಾದರೂ ಹರಡುವಿಕೆ ನಿಲ್ಲಲಿಲ್ಲ.

ಅಲ್ಲಿಯ ಕಡಲಿನಲ್ಲಿ ಇದನ್ನು ಹತೋಟಿಯಲ್ಲಿಡುವ ಶತ್ರುಗಳಿಲ್ಲ. ಒಂದು ಹೆಣ್ಣು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆಗಳನ್ನಿಡಬಲ್ಲದು. ಬಹಾಮಾಸ್ ದ್ವೀಪಗಳಲ್ಲಿ ಸಣ್ಣ ದಿಬ್ಬಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸಿಂಹಮೀನಿದ್ದ ಕಡೆ ಐದು ವಾರಗಳಲ್ಲಿ ಹೊಸದಾಗಿ ಬಂದು ಸೇರುವ ಮರಿಮೀನುಗಳ ಸಂಖ್ಯೆ ಶೇ. 79ರಷ್ಟು ಕುಗ್ಗಿತ್ತು. ಗಾಳಕ್ಕೆ ಇದು ಅಪರೂಪಕ್ಕೆ ಸಿಗುತ್ತದೆ. ನೀರಿಗಿಳಿದು ಈಟಿಯಿಂದ ಅಥವಾ ಕೈಬಲೆಯಿಂದ ಒಂದೊಂದಾಗಿ ಹಿಡಿಯುವುದೇ ಮುಖ್ಯ ಮಾರ್ಗ.

ಸ್ವಯಂಸೇವಕರು 2009ರಿಂದ ಸಿಂಹಮೀನು ಹಿಡಿಯುವ ಸ್ಪರ್ಧೆಗಳನ್ನು ನಡೆಸತೊಡಗಿದರು. ನಿಯಮಿತವಾಗಿ ಹಿಡಿದ ಸ್ಥಳಗಳಲ್ಲಿ ಸ್ಥಳೀಯ ಮೀನುಗಳು ಚೇತರಿಸಿಕೊಳ್ಳುವುದು ಬಹಾಮಾಸ್‌ನ ಅಧ್ಯಯನಗಳಲ್ಲಿ ಕಂಡುಬಂದಿದೆ. ಫ್ಲಾರಿಡಾ ರಾಜ್ಯವು 2014ರಲ್ಲಿ ಜೀವಂತ ಸಿಂಹಮೀನಿನ ಆಮದನ್ನು ನಿಷೇಧಿಸಿತು. ಮುಳ್ಳಿನಲ್ಲಷ್ಟೇ ವಿಷವಿರುವುದರಿಂದ ಮುಳ್ಳು ತೆಗೆದ ಮಾಂಸ ತಿನ್ನಲು ಯೋಗ್ಯ. 2016ರಲ್ಲಿ ಹೋಲ್ ಫುಡ್ಸ್ ಎಂಬ ದೊಡ್ಡ ಮಳಿಗೆ ಜಾಲವು ಫ್ಲಾರಿಡಾದಲ್ಲಿ ಇದರ ಮಾರಾಟವನ್ನು ಆರಂಭಿಸಿತು. ರೆಕ್ಕೆಗಳಿಂದ ಆಭರಣ ತಯಾರಿಸುವ ಕುಶಲಕರ್ಮಿಗಳೂ ಹುಟ್ಟಿಕೊಂಡರು.

ತೊಂದರೆಯನ್ನು ತಂದ ವ್ಯಾಪಾರವೇ ಪರಿಹಾರವನ್ನೂ ತಂದಿತೆಂದು ಹಿಗ್ಗುವ ಮುನ್ನ ಲೆಕ್ಕವನ್ನು ಪೂರ್ಣವಾಗಿ ನೋಡಬೇಕು. ಒಂದೊಂದಾಗಿ ಈಟಿಯಿಂದ ಹಿಡಿಯುವ ಮೀನಿಗೆ ಖರ್ಚು ಅಧಿಕ, ಪೂರೈಕೆ ಅನಿಶ್ಚಿತ. ಹವ್ಯಾಸಿ ಮುಳುಗುಗಾರರ ಮಿತಿ 40 ಮೀಟರು. ಸಿಂಹಮೀನು ಅದಕ್ಕಿಂತ ಬಹಳ ಆಳದಲ್ಲೂ ಇರುತ್ತದೆ. ಮೆಕ್ಸಿಕೋ ಕೊಲ್ಲಿಯ ಉತ್ತರ ಭಾಗದಲ್ಲಿ 2017ರಿಂದ ಕಾಣಿಸಿಕೊಂಡ ಚರ್ಮದ ಹುಣ್ಣಿನ ರೋಗದಿಂದ ಅವುಗಳ ಸಂಖ್ಯೆ ತೀವ್ರವಾಗಿ ಇಳಿಯಿತು. ಕಡಲಿಗೆ ಅದು ಒಳಿತಾದರೂ ಅದನ್ನೇ ನಂಬಿ ವ್ಯವಹಾರ ಆರಂಭಿಸಿದವರಿಗೆ ಸರಕಿಲ್ಲದಂತಾಯಿತು. ಇನ್ನೊಂದು ಸೂಕ್ಷ್ಮವೂ ಇದೆ: ಯಾವ ಸರಕು ಮುಗಿಯಲೆಂದು ನಾವು ಹಾರೈಸುತ್ತೇವೆಯೋ ಅದರ ಮೇಲೆ ಶಾಶ್ವತ ವ್ಯಾಪಾರ ಕಟ್ಟಲಾಗದು.

ಎಣಿಕೆಯ ಮಿತಿಗಳು

ಸ್ವಯಂಸೇವಕರ ಕಾರ್ಯವನ್ನು ಮೆಚ್ಚುವಾಗ ಅದರ ಮಿತಿಯನ್ನೂ ಅರಿತಿರಬೇಕು. ಮೊದಲನೆಯದಾಗಿ, ನೀರು ತಿಳಿಯಾಗಿರುವ, ನೋಡಲು ಚೆಂದವಾಗಿರುವ ಸ್ಥಳಗಳಿಗೇ ಹವ್ಯಾಸಿಗಳು ಹೆಚ್ಚಾಗಿ ಹೋಗುತ್ತಾರೆ. ಕಲಕು ನೀರಿನ ಜಾಗದ ಲೆಕ್ಕ ಕಡಿಮೆ. ಎರಡನೆಯದಾಗಿ, ಬಂಡೆಯ ಸಂದಿನಲ್ಲಿ ಅಡಗಿರುವ ಸಣ್ಣ ಮೀನುಗಳು ಎಣಿಕೆಗೆ ಸಿಗುವುದಿಲ್ಲ. ಮೂರನೆಯದಾಗಿ, ತರಬೇತಿಯಿಲ್ಲದ ಮುಳುಗುಗಾರನ ಕಾಲಿನ ಒಂದು ಹೊಡೆತಕ್ಕೆ ಹಲವು ವರ್ಷ ಬೆಳೆದ ಹವಳ ಮುರಿಯಬಲ್ಲದು. ಎಣಿಸಲು ಹೋದವರೇ ಸರಕು ಒಡೆದು ಬಂದರೆ ಪ್ರಯೋಜನವೇನು?

ಎಲ್ಲಕ್ಕಿಂತ ದೊಡ್ಡ ಮಿತಿ 2023ರ ಬೇಸಿಗೆಯಲ್ಲಿ ಪ್ರಕಟವಾಯಿತು. ಆ ವರ್ಷ ಕೀಸ್ ದ್ವೀಪಗಳ ನೀರು ದಾಖಲೆಯ ಮಟ್ಟಕ್ಕೆ ಬಿಸಿಯಾಗಿ ಹವಳಗಳು ಬಿಳುಚಿಕೊಂಡವು. ನೀರಿನಡಿಯ ಸಸಿಮಡಿಗಳಲ್ಲಿ ಬೆಳೆಸುತ್ತಿದ್ದ ಹವಳಗಳನ್ನು ಮುಳುಗುಗಾರರು ತುರ್ತಾಗಿ ಮೇಲೆ ತಂದು ದಡದ ತೊಟ್ಟಿಗಳಲ್ಲಿಟ್ಟು ಕಾಪಾಡಲು ಯತ್ನಿಸಿದರು. ಒಂದಷ್ಟು ಉಳಿಯಿತು. ಆದರೆ ಕೊಂಬಿನಾಕಾರದ ಎರಡು ಪ್ರಮುಖ ಜಾತಿಯ ಹವಳಗಳು ಕೀಸ್‌ನ ದಿಬ್ಬಗಳಲ್ಲಿ ಬಹುತೇಕ ಅಳಿದುಹೋದವು. ಎಣಿಕೆಯಿಂದ ನೀರು ತಣ್ಣಗಾಗುವುದಿಲ್ಲ. ಏನನ್ನು, ಎಷ್ಟನ್ನು, ಎಂದು ಕಳೆದುಕೊಂಡೆವೆಂಬುದನ್ನು ಅದು ತಿಳಿಸುತ್ತದೆ. ಉಳಿದ ಕೆಲಸ ಸರ್ಕಾರಗಳದ್ದು ಮತ್ತು ನಮ್ಮೆಲ್ಲರದ್ದು.

ನಮ್ಮ ಕರಾವಳಿಗೆ ಅನ್ವಯ

ಕರ್ನಾಟಕದಲ್ಲಿ ಸ್ಕೂಬಾ ಮುಳುಗುವಿಕೆ ಎಂದೊಡನೆ ನೆನಪಾಗುವುದು ಉತ್ತರ ಕನ್ನಡ ಜಿಲ್ಲೆಯ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ತಲುಪುವ ಈ ದ್ವೀಪದ ಸುತ್ತ ಹವಳಗಳೂ ಬಂಡೆಮೀನುಗಳೂ ಇವೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪ್ರವಾಸಿಗರು ಬರುತ್ತಾರೆ. ದೋಣಿಯವರು, ವಸತಿಗೃಹದವರು, ಊಟದ ಹೋಟೆಲಿನವರು, ವಾಹನದವರು ಎಲ್ಲರಿಗೂ ಇದರಿಂದ ಆದಾಯವುಂಟು. ಈ ಸರಣಿಯ ಮೂಲ ಸರಕು ನೀರಿನಡಿಯಲ್ಲಿದೆ.

ಬಂದರುಗಳಲ್ಲಿ ಇಳಿಯುವ ಬಂಗುಡೆ, ಬೂತಾಯಿ ಮುಂತಾದವುಗಳ ಅಂಕಿ-ಅಂಶಗಳನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ದಶಕಗಳಿಂದ ಸಂಗ್ರಹಿಸುತ್ತಿದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ರೂಪದಲ್ಲಿ ಕಡಲಿಗೆ ವಿಶ್ರಾಂತಿ ನೀಡುವ ಪದ್ಧತಿಯೂ ನಮ್ಮಲ್ಲಿದೆ. ಇವುಗಳ ಜೊತೆಗೆ, ಋತುವಿಡೀ ನೀರಿಗಿಳಿಯುವ ಮುಳುಗು ತರಬೇತುದಾರರ ಕಣ್ಣನ್ನೂ ಲೆಕ್ಕಕ್ಕೆ ಬಳಸಿಕೊಳ್ಳಬಹುದು. ಈ ದಿಸೆಯಲ್ಲಿ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಪರಿಶೀಲಿಸಬಹುದಾದ ಕೆಲವು ಸಲಹೆಗಳು ಹೀಗಿವೆ:

1. ಸುಲಭವಾಗಿ ಗುರುತಿಸಬಹುದಾದ 15-20 ಜಾತಿಗಳ ಚಿತ್ರಸಹಿತ ಹಲಗೆಯನ್ನು ಕನ್ನಡದಲ್ಲಿ, ಸ್ಥಳೀಯ ಹೆಸರುಗಳೊಂದಿಗೆ ಮುದ್ರಿಸುವುದು. ನೀರಿಗೆ ಕೆಡದ ಪ್ಲಾಸ್ಟಿಕ್ ಹಲಗೆಯನ್ನು ನಮ್ಮ ಸಣ್ಣ ಕೈಗಾರಿಕೆಗಳೇ ತಯಾರಿಸಬಲ್ಲವು.
2. ಗೊತ್ತಾದ ಕೆಲವೇ ಸ್ಥಳಗಳಲ್ಲಿ, ಋತುವಿನ ಆರಂಭದಲ್ಲೊಮ್ಮೆ, ಅಂತ್ಯದಲ್ಲೊಮ್ಮೆ ಒಂದೇ ಕ್ರಮದಲ್ಲಿ ಎಣಿಸುವುದು. ಆರಂಭಿಕ ದಾಸ್ತಾನು ಮತ್ತು ಅಂತಿಮ ದಾಸ್ತಾನು ಎಂಬ ನಮ್ಮ ಪದ್ಧತಿಯೇ ಇದು.
3. ದಾಖಲೆಯ ಪ್ರತಿಯನ್ನು 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಂತಹ ಸಂಸ್ಥೆಗೆ ಒಪ್ಪಿಸಿ ತಜ್ಞರಿಂದ ಪರಿಶೀಲನೆ ಮಾಡಿಸುವುದು.
4. ದೋಣಿಯ ಒಂದೆರಡು ಆಸನ, ಸಿಲಿಂಡರು ತುಂಬಿಸುವ ಖರ್ಚು ಮುಂತಾದವನ್ನು ವರ್ತಕರು ಪ್ರಾಯೋಜಿಸುವುದು. ಆದರೆ ಫಲಿತಾಂಶ ಅನುಕೂಲಕರವಾಗಿರಬೇಕೆಂಬ ಷರತ್ತು ಹಾಕಕೂಡದು. ಮಾಲೀಕನನ್ನು ಸಂತೋಷಪಡಿಸಲು ಬರೆದ ದಾಸ್ತಾನು ಪಟ್ಟಿಯಿಂದ ಮಾಲೀಕನಿಗೇ ನಷ್ಟ.
5. ಹವಳವನ್ನು ಕೀಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಇದನ್ನು ಪ್ರವಾಸಿಗರಿಗೂ, ಅಲಂಕಾರಿಕ ವಸ್ತುಗಳ ವ್ಯಾಪಾರಿಗಳಿಗೂ ತಿಳಿಸುವುದು.
6. ಅಲಂಕಾರಿಕ ಮೀನು ಮಾರುವವರು, ಬೇಡವಾದ ಮೀನನ್ನು ಕೆರೆಗಾಗಲಿ ಕಡಲಿಗಾಗಲಿ ಬಿಡದಂತೆ ಗ್ರಾಹಕರಿಗೆ ಹೇಳಿ, ಅಂಗಡಿಯಲ್ಲೇ ಹಿಂಪಡೆಯುವ ವ್ಯವಸ್ಥೆ ಮಾಡುವುದು. ಗಾಜಿನ ತೊಟ್ಟಿ ಶುಚಿಗೊಳಿಸಲೆಂದು ಮಾರಿದ ಸಕರ್ ಮೀನು ದಕ್ಷಿಣ ಭಾರತದ ಕೆರೆಗಳಲ್ಲಿ ಹಬ್ಬಿರುವುದನ್ನು ನಾವು ಕಂಡಿದ್ದೇವೆ.

ಸಾರಾಂಶ

ಮೇಲಿನ ಮೂರು ಉದಾಹರಣೆಗಳಲ್ಲೂ ಮುಳುಗುಗಾರರು ಮಾಡಿದ್ದು ಅದ್ಭುತ ಸಾಹಸವನ್ನಲ್ಲ. ಕಂಡದ್ದನ್ನು ಕಂಡಂತೆ, ಒಂದೇ ನಮೂನೆಯಲ್ಲಿ, ವರ್ಷದಿಂದ ವರ್ಷಕ್ಕೆ ಬರೆದಿಟ್ಟರು. ಗೋಲಿಯತ್ ಗ್ರೂಪರಿನ ಚೇತರಿಕೆ ಆ ದಾಖಲೆಗಳಿಂದ ತಿಳಿಯಿತು. ಕೇಮನ್ ದ್ವೀಪದ ಮೀನುಗಾರನಿಗೆ ಮಿತಿಯೊಳಗೆ ಹಿಡಿಯುವ ಹಕ್ಕು ಮರಳಿತು. ಸಿಂಹಮೀನು ಎಲ್ಲಿ ಹರಡಿದೆ ಎಂಬ ಸುಳಿವು ಸಿಕ್ಕಿತು. ಇವುಗಳಲ್ಲಿ ಒಂದೂ ಒಂದೆರಡು ವರ್ಷಗಳಲ್ಲಿ ದೊರೆತ ಫಲವಲ್ಲ.

ಲೆಕ್ಕದ ಪುಸ್ತಕವನ್ನು ನಷ್ಟವಾದ ಮೇಲೆ ಬರೆಯಲು ಕುಳಿತರೆ ಪ್ರಯೋಜನವಿಲ್ಲವೆಂಬುದು ನಮ್ಮ ಹಿರಿಯ ವರ್ತಕರು ಕಲಿಸಿದ ಪಾಠ. ನೇತ್ರಾಣಿಯ ಬಂಡೆಗಳಲ್ಲಿ ಇಂದು ಎಷ್ಟು ಮೀನುಗಳಿವೆ ಎಂದು ಬರೆದಿಟ್ಟರೆ, ಇಪ್ಪತ್ತು ವರ್ಷಗಳ ನಂತರ ಅಲ್ಲಿ ದೋಣಿ ನಡೆಸುವವನಿಗೆ ತನ್ನ ಬಂಡವಾಳ ಬೆಳೆಯಿತೇ ಕರಗಿತೇ ಎಂದು ತಿಳಿಯುತ್ತದೆ. ಬರೆದಿಡದಿದ್ದರೆ, ಹಿಂದೆ ತುಂಬಾ ಇತ್ತಂತೆ ಎಂಬ ಮಾತಷ್ಟೇ ಅವನ ಪಾಲಿಗೆ ಉಳಿಯುತ್ತದೆ. ಮುಂದಿನ ಋತುವಿಗೆ ಮುನ್ನವೇ ಮೊದಲ ಪುಟವನ್ನು ಬರೆಯುವ ಬಗ್ಗೆ ಕರಾವಳಿಯ ಸದಸ್ಯ ಬಂಧುಗಳು ವಿಚಾರ ಮಾಡುವುದು ಒಳಿತು.